ಏಳು ಸಾಲು, ಇಪ್ಪತ್ತೊಂದು ಮುಚ್ಚಿದ ಎಲೆ: ತಾತನ ಹತ್ರ ಕಲಿತ ಸಾಲಿಟೇರ್



ನಮ್ಮ ಬ್ಯಾಚ್‌ನಲ್ಲಿ ಫೋನಲ್ಲಿ ಸಾಲಿಟೇರ್ ಆಡದೇ ಇರೋರು ಯಾರಾದ್ರೂ ಇದ್ದೀರಾ? ಲ್ಯಾಬ್‌ನಲ್ಲಿ ಮೇಡಂ ಬರೋವರೆಗೆ, ಬಸ್ಸಲ್ಲಿ, ಎಕ್ಸಾಮ್ ಹಿಂದಿನ ರಾತ್ರಿ ಓದೋಕೆ ಕೂತಾಗ, ಎಲ್ಲರೂ ಆಡಿರ್ತೀವಿ. ಆದ್ರೆ ಕೈಗೆ ನಿಜವಾದ ಇಸ್ಪೀಟ್ ಎಲೆ ಕೊಟ್ಟು "ಹಾಸಿ ನೋಡೋಣ" ಅಂದ್ರೆ? ನಮಗಂತೂ ಬರ್ತಿರಲಿಲ್ಲ. ಎಷ್ಟು ಸಾಲು, ಯಾವ ಸಾಲಿಗೆ ಎಷ್ಟು ಎಲೆ, ಏನೂ ಗೊತ್ತಿರಲಿಲ್ಲ. ಎಲ್ಲಾ ಫೋನೇ ಮಾಡ್ತಿತ್ತು.

ನಾವು ಅಂದ್ರೆ ಮೂವರು. ಇಬ್ಬರು ಬಂಗಾರಪೇಟೆಯವರು, ಒಬ್ಬ ಕೆಜಿಎಫ್‌ನವನು. ಮೂವರೂ ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ. ಅದಕ್ಕೆ ಈ ಲೇಖನದಲ್ಲಿ ಕನ್ನಡ ತಪ್ಪಿದ್ರೆ ಸಂಘದವರು ಬೈಯಬೇಡಿ, ತಿದ್ದಿ. ನಮಗೆ ಈ ಆಟ ಕಲಿಸಿದ್ದು ನಮ್ಮ ಕೆಜಿಎಫ್ ಗೆಳೆಯನ ತಾತ. ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಭೂಮಿ ಒಳಗೆ ಕೆಲಸ ಮಾಡಿದವರು. ಈಗಲೂ ಆ ಕಡೆಯ ಲೈನ್ ಮನೆಯಲ್ಲೇ ಇದ್ದಾರೆ. ಮಧ್ಯಾಹ್ನ ಊಟ ಆದ್ಮೇಲೆ ಚಾಪೆ ಹಾಸಿ, ಅಂಚು ಸವೆದ ಒಂದು ಕಟ್ಟು ಎಲೆ ತಗೊಂಡು ಒಬ್ಬರೇ ಆಡ್ತಾರೆ. ಅವರು ಇದನ್ನ ಸಾಲಿಟೇರ್ ಅನ್ನಲ್ಲ, ಪೇಷನ್ಸ್ ಅಂತಾರೆ. ಇಂಗ್ಲೆಂಡ್ ಕಡೆ ಇದಕ್ಕೆ ಇರೋ ಹೆಸರೇ ಅದು. ಒಂದು ಕಾಲದಲ್ಲಿ "ಲಿಟ್ಲ್ ಇಂಗ್ಲೆಂಡ್" ಅಂತ ಕರೆಸಿಕೊಂಡ ಊರು ಕೆಜಿಎಫ್, ಹೆಸರು ಹಾಗೇ ಉಳ್ಕೊಂಡಿರಬೇಕು.

ಈ ಪಾಠದಲ್ಲಿ ಮೂರು ವಿಷಯ ಇದೆ: ಆಟ ಹಾಸೋದು ಹೇಗೆ, ಆಡೋದು ಹೇಗೆ, ಸೋತಾಗ ಯಾಕೆ ಸೋತೆವು ಅಂತ ತಿಳಿಯೋದು ಹೇಗೆ. ಮೂರನೇದಕ್ಕೋಸ್ಕರವೇ ನಾವು ಇದನ್ನ ಬರೀತಿರೋದು.

ಚಿನ್ನದ ಊರಿನ ಹೆಸರಿರೋ ಆಟ

ಸಾಲಿಟೇರ್ ಅನ್ನೋದು ಒಂದೇ ಆಟ ಅಲ್ಲ. ಒಬ್ಬರೇ ಆಡೋ ಇಸ್ಪೀಟ್ ಆಟಗಳಿಗೆಲ್ಲ ಅದೇ ಹೆಸರು. ನಮ್ಮ ಫೋನು, ಕಂಪ್ಯೂಟರ್‌ನಲ್ಲಿ ಇರೋ ಮಾಮೂಲಿ ಆಟದ ನಿಜವಾದ ಹೆಸರು ಕ್ಲೊಂಡೈಕ್. ಕ್ಲೊಂಡೈಕ್ ಅನ್ನೋದು ಕೆನಡಾದ ಯೂಕಾನ್ ಪ್ರಾಂತ್ಯದ ಒಂದು ಜಾಗ. 1896ರಲ್ಲಿ ಅಲ್ಲಿನ ಹಳ್ಳವೊಂದರಲ್ಲಿ ಚಿನ್ನ ಸಿಕ್ತು. ಸುದ್ದಿ ಕೇಳಿ ಸುಮಾರು ಒಂದು ಲಕ್ಷ ಜನ ಮನೆ ಬಿಟ್ಟು ಹೊರಟರು. ಹಿಮದಲ್ಲಿ ನಡೆದು ಅಲ್ಲಿಗೆ ತಲುಪಿದವರು ಅದರಲ್ಲಿ ಅರ್ಧಕ್ಕಿಂತ ಕಡಿಮೆ. ಅಲ್ಲಿ ಚಿನ್ನ ಹುಡುಕೋಕೆ ಹೋದವರು ಆಡ್ತಿದ್ದ ಆಟ, ಅದಕ್ಕೆ ಈ ಹೆಸರು ಬಂತು ಅನ್ನೋ ಮಾತಿದೆ.

ಅದೇ ಹೊತ್ತಲ್ಲಿ ನಮ್ಮ ಕಡೆ ಏನಾಗ್ತಿತ್ತು ನೋಡಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಗಣಿಗಳ ಕೆಲಸಕ್ಕೆ ಕೈ ಹಾಕಿತ್ತು. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಅಂತ ಹೆಸರು. ಅಲ್ಲಿಂದ ಗಣಿಗಳ ಕಡೆಗೆ ರೈಲು ದಾರಿ ಹಾಕಿದ್ದರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಗಣಿಗೆ ಕರೆಂಟ್ ಕೊಟ್ಟರು. ಇಲೆಕ್ಟ್ರಿಕಲ್ ಬ್ರಾಂಚ್‌ನವರು ಕಾಲರ್ ಎತ್ತಬಹುದು.

ಎರಡು ಊರಿಗೂ ಒಂದು ವ್ಯತ್ಯಾಸ ಇದೆ. ಕ್ಲೊಂಡೈಕ್‌ನಲ್ಲಿ ಚಿನ್ನ ಹಳ್ಳದ ಮರಳು, ಜಲ್ಲಿಯಲ್ಲಿ ಇತ್ತು. ಕೆಜಿಎಫ್‌ನಲ್ಲಿ ಬಂಡೆಯ ಒಳಗೆ ಇತ್ತು. ಅದಕ್ಕೇ ಚಾಂಪಿಯನ್ ರೀಫ್ಸ್‌ನಲ್ಲಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. ಆಟ ನೋಡಿದ್ರೆ ಅದು ಕ್ಲೊಂಡೈಕ್‌ಗಿಂತ ಕೆಜಿಎಫ್‌ಗೇ ಹೆಚ್ಚು ಹೋಲುತ್ತೆ ಅಂತ ನಮ್ಮ ಅಭಿಪ್ರಾಯ. ಯಾಕಂದ್ರೆ ಇಲ್ಲಿ ಬೇಕಾದ ಎಲೆಗಳು ಕೆಳಗೆ ಮುಚ್ಚಿರುತ್ತವೆ. ಮೇಲಿಂದ ಒಂದೊಂದೇ ತೆಗೆದು ಇಳೀಬೇಕು.

ಎಲೆ ಹಾಸೋದು

ಜೋಕರ್‌ಗಳನ್ನ ತೆಗೆದಿಟ್ಟು 52 ಎಲೆ ತಗೊಳ್ಳಿ. ಇಸ್ಪೀಟು, ಕಳಾವರ್ ಎರಡೂ ಕಪ್ಪು. ಆಟೀನು, ಡೈಮಂಡ್ ಎರಡೂ ಕೆಂಪು. ಎಕ್ಕ ಎಲ್ಲಕ್ಕಿಂತ ಚಿಕ್ಕದು, ರಾಜ ಎಲ್ಲಕ್ಕಿಂತ ದೊಡ್ಡದು. ರಾಜನ ಕೆಳಗೆ ರಾಣಿ, ರಾಣಿ ಕೆಳಗೆ ಜಾಕಿ, ಆಮೇಲೆ 10, 9, 8 ಹೀಗೆ. ಚೆನ್ನಾಗಿ ಕಲಸಿ. ತಾತ ಏಳು ಸಲ ಕಲಸ್ತಾರೆ.

1. ಎಡದಿಂದ ಬಲಕ್ಕೆ ಏಳು ಸಾಲು ಮಾಡಿ. ಮೊದಲನೇ ಸಾಲಿಗೆ 1 ಎಲೆ, ಎರಡನೇದಕ್ಕೆ 2, ಮೂರನೇದಕ್ಕೆ 3, ಹೀಗೆ ಏಳನೇ ಸಾಲಿಗೆ 7.
2. ಪ್ರತಿ ಸಾಲಿನ ಮೇಲಿನ ಎಲೆ ಮಾತ್ರ ಮುಖ ಮೇಲಾಗಿ ಇರಬೇಕು. ಉಳಿದದ್ದು ಬೋರಲು.
3. ಸಾಲುಗಳಿಗೆ ಒಟ್ಟು 28 ಎಲೆ ಹೋಯ್ತು. ಅದರಲ್ಲಿ 7 ಕಾಣುತ್ತೆ, 21 ಮುಚ್ಚಿರುತ್ತೆ. ಉಳಿದ 24 ಎಲೆಗಳನ್ನ ಬೋರಲಾಗಿ ಪಕ್ಕದಲ್ಲಿಡಿ. ಇದು ಕಟ್ಟು.
4. ಮೇಲೆ ನಾಲ್ಕು ಎಲೆ ಇಡೋವಷ್ಟು ಜಾಗ ಖಾಲಿ ಬಿಡಿ. ಇದಕ್ಕೆ ಮನೆ ಅಂತೀವಿ. ಒಂದೊಂದು ಬಣ್ಣಕ್ಕೆ ಒಂದೊಂದು ಮನೆ.

ತಾತ ಸಾಲುಗಳಿಗೆ ಶಾಫ್ಟ್ ಅಂತಾರೆ. ಕಟ್ಟಿನಿಂದ ತೆಗೆದು ಉಪಯೋಗ ಆಗದೆ ಪಕ್ಕಕ್ಕೆ ಬೀಳೋ ಎಲೆಗಳಿಗೆ ಸೈನೈಡ್ ದಿಬ್ಬ ಅಂತಾರೆ. ಕೆಜಿಎಫ್ ನೋಡದವರಿಗೆ ಹೇಳ್ತೀವಿ: ಚಿನ್ನ ತೆಗೆದ ಮೇಲೆ ಉಳಿದ ಮಣ್ಣನ್ನ ಸುರಿದು ಸುರಿದು ಅಲ್ಲಿ ಗುಡ್ಡಗಳೇ ಆಗಿವೆ. ಚಿನ್ನ ಬಿಡಿಸೋಕೆ ಸೈನೈಡ್ ಬಳಸ್ತಿದ್ದರಿಂದ ಆ ಹೆಸರು. ಊರಿನ ಎಲ್ಲಿ ನಿಂತ್ರೂ ಒಂದು ದಿಬ್ಬ ಕಣ್ಣಿಗೆ ಬೀಳುತ್ತೆ.

ಆಡೋ ನಿಯಮ

ಗುರಿ ಇಷ್ಟೇ: ನಾಲ್ಕು ಮನೆಗಳಲ್ಲೂ ಎಕ್ಕದಿಂದ ಶುರುಮಾಡಿ ರಾಜನವರೆಗೆ, ಆಯಾ ಬಣ್ಣದ 13 ಎಲೆ ಕ್ರಮವಾಗಿ ಕೂರಿಸಬೇಕು.

ಸಾಲುಗಳಲ್ಲಿ ಲೆಕ್ಕ ಉಲ್ಟಾ. ದೊಡ್ಡ ಎಲೆ ಮೇಲೆ ಅದಕ್ಕಿಂತ ಒಂದು ಕಡಿಮೆ ಇರೋ ಎಲೆ ಕೂರುತ್ತೆ. ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು. ಉದಾಹರಣೆಗೆ ಕಳಾವರ್ 9ರ ಮೇಲೆ ಆಟೀನ್ 8 ಕೂರಬಹುದು, ಡೈಮಂಡ್ 8 ಕೂರಬಹುದು. ಇಸ್ಪೀಟ್ 8 ಕೂರಲ್ಲ. ಹೀಗೆ ಕ್ರಮವಾಗಿ ಕೂತ ಎಲೆಗಳನ್ನ ಒಟ್ಟಿಗೆ ಎತ್ತಿ ಬೇರೆ ಸಾಲಿಗೆ ಸಾಗಿಸಬಹುದು.

ಮೇಲಿನ ಎಲೆ ಹೋದ ಮೇಲೆ ಅದರ ಕೆಳಗಿನ ಮುಚ್ಚಿದ ಎಲೆ ತಿರುಗಿಸಿ. ಇಡೀ ಸಾಲು ಖಾಲಿ ಆದ್ರೆ ಅಲ್ಲಿಗೆ ರಾಜ ಮಾತ್ರ ಬರಬಹುದು, ಅಥವಾ ರಾಜನಿಂದ ಶುರುವಾದ ಸರಣಿ.

ಸಾಲಿನಲ್ಲಿ ಏನೂ ನಡೀದೇ ಇದ್ದಾಗ ಕಟ್ಟಿಗೆ ಕೈ ಹಾಕಿ. ಇದರಲ್ಲಿ ಎರಡು ಪದ್ಧತಿ. ಒಂದೊಂದೇ ಎಲೆ ತೆಗೆಯೋದು ಸುಲಭದ್ದು. ಮೂರು ಮೂರು ಎಲೆ ಒಟ್ಟಿಗೆ ತೆಗೆದು, ಮೇಲಿನದ್ದನ್ನ ಮಾತ್ರ ಬಳಸೋದು ಕಷ್ಟದ್ದು. ಮೇಲಿನದ್ದು ಬಳಸಿದ್ರೆ ಅದರ ಕೆಳಗಿನದ್ದು ಸಿಗುತ್ತೆ. ಕಟ್ಟು ಮುಗಿದ್ರೆ ದಿಬ್ಬವನ್ನ ಹಾಗೇ ಮಗುಚಿ ಮತ್ತೆ ಶುರು. ಕಲಸೋ ಹಾಗಿಲ್ಲ.

ಕೆಲವರು ಮನೆಗೆ ಹೋದ ಎಲೆಯನ್ನ ವಾಪಸ್ ಸಾಲಿಗೆ ತರಬಹುದು ಅಂತಾರೆ. ತಾತ ಬಿಡಲ್ಲ. ಫೋನಲ್ಲಿ ಅಂಡೂ ಬಟನ್ ಇರುತ್ತೆ ಅಂತ ಒಂದ್ಸಲ ಅವರಿಗೆ ತೋರಿಸಿದ್ವಿ. "ಹಾಗಾದ್ರೆ ಯೋಚನೆ ಯಾವಾಗ್ರೋ ಮಾಡ್ತೀರಾ?" ಅಂದ್ರು.

ತಾತನ ಐದು ಪಾಠ

ನಿಯಮ ಕಲಿಯೋಕೆ ಹತ್ತು ನಿಮಿಷ ಸಾಕು. ಆದ್ರೂ ಮೊದಲನೇ ವಾರ ನಾವು ಒಂದು ಆಟಾನೂ ಗೆಲ್ಲಲಿಲ್ಲ. ಆಮೇಲೆ ತಾತ ಹಿಂದೆ ಕೂತು ಒಂದೊಂದೇ ಹೇಳಿದ್ರು.

ಒಂದು: ಎಕ್ಕ, ಎರಡು ಕಂಡ ತಕ್ಷಣ ಮನೆಗೆ ಕಳಿಸಿ. ಅವುಗಳನ್ನ ಸಾಲಲ್ಲಿ ಇಟ್ಕೊಂಡು ಲಾಭ ಇಲ್ಲ. ಎರಡರ ಮೇಲೆ ಕೂರೋದು ಎಕ್ಕ ಒಂದೇ, ಎಕ್ಕದ ಮೇಲೆ ಯಾವುದೂ ಕೂರಲ್ಲ.

ಎರಡು: ಎರಡು ದಾರಿ ಇದ್ರೆ, ಹೆಚ್ಚು ಮುಚ್ಚಿದ ಎಲೆ ಇರೋ ಸಾಲನ್ನ ಮೊದಲು ತೆಗೀರಿ. ನಾಲ್ಕನೇ ಸಾಲಿನ ಮೇಲೆ ಕಳಾವರ್ 6 ಇದೆ ಅಂದ್ಕೊಳ್ಳಿ. ಮೂರನೇ ಸಾಲಲ್ಲಿ ಆಟೀನ್ 5, ಅದರ ಕೆಳಗೆ 2 ಮುಚ್ಚಿದ ಎಲೆ. ಆರನೇ ಸಾಲಲ್ಲಿ ಡೈಮಂಡ್ 5, ಅದರ ಕೆಳಗೆ 5 ಮುಚ್ಚಿದ ಎಲೆ. 6ರ ಮೇಲೆ ಒಂದು 5ಕ್ಕೆ ಮಾತ್ರ ಜಾಗ. ನಾವು ಮೂರನೇ ಸಾಲಿಂದ ಎತ್ತಿದ್ವಿ, ಬೇಗ ಖಾಲಿ ಆಗುತ್ತಲ್ಲ ಅಂತ. ತಾತ ಆರನೇದರಿಂದ ಎತ್ತಿಸಿದ್ರು. ಚಿಕ್ಕ ಸಾಲು ಯಾವಾಗ ಬೇಕಾದ್ರೂ ಬಿಚ್ಚಬಹುದು. ದೊಡ್ಡ ಸಾಲಿನ ಅಡೀಲಿ ಏನು ಸಿಕ್ಕಿಹಾಕ್ಕೊಂಡಿದೆಯೋ ಗೊತ್ತಿಲ್ಲ, ಅದಕ್ಕೆ ಬೇಗ ಶುರು ಮಾಡಬೇಕು.

ಮೂರು: ರಾಜ ಕೈಯಲ್ಲಿ ಇಲ್ಲದೆ ಸಾಲು ಖಾಲಿ ಮಾಡಬೇಡಿ. ಖಾಲಿ ಸಾಲಿಗೆ ರಾಜ ಬಿಟ್ಟು ಯಾರೂ ಬರಲ್ಲ, ಅಲ್ಲಿವರೆಗೆ ಆರೇ ಸಾಲಲ್ಲಿ ಒದ್ದಾಡಬೇಕು. ಎರಡು ರಾಜ ಇದ್ರೆ ಯಾವ ರಾಣಿ, ಯಾವ ಜಾಕಿ ಕಾಯ್ತಿದ್ದಾರೆ ಅಂತ ನೋಡಿ. ಆಟೀನ್ ರಾಣಿ, ಕಳಾವರ್ ಜಾಕಿ ಹೊರಗಿದ್ರೆ ಕಪ್ಪು ರಾಜನನ್ನ ಕೂರಿಸಿ.

ನಾಲ್ಕು: 3, 4, 5 ಇವನ್ನ ಮನೆಗೆ ಕಳಿಸೋಕೆ ಅವಸರ ಬೇಡ. ಮನೆಗೆ ಹೋದ ಎಲೆ ಸ್ಕೋರ್ ಥರ ಕಾಣುತ್ತೆ, ಖುಷಿ ಆಗುತ್ತೆ. ಆದ್ರೆ ಡೈಮಂಡ್ 5 ಮನೆಗೆ ಹೋದ ಮೇಲೆ, ಕಪ್ಪು 4ಕ್ಕೆ ಕೂರೋ ಎರಡು ಜಾಗದಲ್ಲಿ ಒಂದು ಹೋಯ್ತು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಐದು: ಮೂರು ಮೂರು ತೆಗೆಯೋ ಆಟದಲ್ಲಿ ಕಟ್ಟಿನ ಲೆಕ್ಕ ಇಡಿ. 24 ಎಲೆಯಲ್ಲಿ ಏನೂ ಬಳಸದಿದ್ರೆ ಪ್ರತಿ ಸುತ್ತಲ್ಲೂ 3ನೇದು, 6ನೇದು, 9ನೇದು, ಹೀಗೆ ಅದೇ 8 ಎಲೆ ಮೇಲೆ ಬರುತ್ತೆ. ಆದ್ರೆ 3ನೇದನ್ನ ಒಂದ್ಸಲ ಬಳಸಿದ್ರೆ, ಮುಂದಿನ ಸುತ್ತಲ್ಲಿ 4ನೇದು, 7ನೇದು, 10ನೇದು ಮೇಲೆ ಬರುತ್ತೆ. ಅಂದ್ರೆ ಒಂದು ಎಲೆ ತೆಗೆದ್ರೆ ಅದರ ಮುಂದಿನದ್ದೆಲ್ಲ ಒಂದು ಜಾಗ ಜರುಗುತ್ತೆ. ಮೊದಲ ಮೂರನ್ನೂ ತೆಗೆದ್ರೆ ಮತ್ತೆ ಹಳೇ 6, 9, 12ಕ್ಕೇ ವಾಪಸ್. ಸಿಕ್ಕಿದ ಎಲೆಯನ್ನೆಲ್ಲ ಬಳಸೋದು ಜಾಣತನ ಅಲ್ಲ ಅಂತ ನಮಗೆ ಆಗ ಗೊತ್ತಾಯ್ತು. ನಮ್ಮ ಮಾಡ್ಯುಲೋ ಅಂಕಗಣಿತವನ್ನ ತಾತ ಪೆನ್ನಿಲ್ಲದೆ ಮಾಡ್ತಾರೆ.

ಸತ್ತಾಟ

ಇಷ್ಟೆಲ್ಲ ಸರಿಯಾಗಿ ಮಾಡಿದ್ರೂ ಕೆಲವು ಆಟ ಗೆಲ್ಲೋಕಾಗಲ್ಲ. ಇದು ನಮಗೆ ಹೊಸ ವಿಷಯ. ತಾತ ಎಲೆ ಆರಿಸಿ ಇಟ್ಟು ತೋರಿಸಿದ್ರು.

ನಾಲ್ಕನೇ ಸಾಲು ತಗೊಳ್ಳಿ. ಮೇಲೆ ಆಟೀನ್ 4. ಅದರ ಕೆಳಗೆ ಮುಚ್ಚಿರೋ ಮೂರು ಎಲೆ: ಇಸ್ಪೀಟ್ 5, ಕಳಾವರ್ 5, ಆಟೀನ್ ಎಕ್ಕ. ಈಗ ಆಟೀನ್ 4 ಎಲ್ಲಿಗೆ ಹೋಗಬಹುದು? ಕಪ್ಪು 5ರ ಮೇಲೆ ಕೂರಬಹುದು, ಆದ್ರೆ ಎರಡೂ ಕಪ್ಪು 5 ಅದರ ಅಡೀಲೇ ಇವೆ. ಮನೆಗೆ ಹೋಗಬಹುದು, ಆದ್ರೆ ಅದಕ್ಕೆ ಮುಂಚೆ ಆಟೀನ್ ಎಕ್ಕ ಹೋಗಬೇಕು, ಅದೂ ಅಡೀಲೇ ಇದೆ. ಅಲ್ಲಿಗೆ ಮುಗೀತು. ಉಳಿದ 48 ಎಲೆ ಹೇಗೇ ಬಿದ್ದಿದ್ರೂ, ಎಷ್ಟು ಬುದ್ಧಿವಂತರು ಆಡಿದ್ರೂ ಆ 4 ಅಲ್ಲಾಡಲ್ಲ. ತಾತ ಇದಕ್ಕೆ ಸತ್ತಾಟ ಅಂತಾರೆ. ಎಲೆ ಕಲಸಿದಾಗಲೇ ಸತ್ತಿದೆ. ಆಡೋರಿಗೆ ಮಾತ್ರ ಗೊತ್ತಿಲ್ಲ.

ಹಾಗಾದ್ರೆ ನೂರಕ್ಕೆ ಎಷ್ಟು ಸತ್ತಾಟ? 52 ಎಲೆಯನ್ನ ಜೋಡಿಸೋ ವಿಧ 52 ಫ್ಯಾಕ್ಟೋರಿಯಲ್. ಅಂದ್ರೆ ಸುಮಾರು 8 ಬರೆದು ಮುಂದೆ 67 ಸೊನ್ನೆ. ಎಲ್ಲವನ್ನೂ ಆಡಿ ನೋಡೋಕೆ ಯಾವ ಕಂಪ್ಯೂಟರಿಗೂ ಆಗಲ್ಲ. ಇದೇ ಥರದ ಪ್ರಶ್ನೆ 1946ರಲ್ಲಿ ಸ್ಟಾನಿಸ್ಲಾವ್ ಉಲಾಂ ಅನ್ನೋ ಗಣಿತಜ್ಞರಿಗೆ ಬಂತು. ಕಾಯಿಲೆಯಿಂದ ಚೇತರಿಸಿಕೊಳ್ತಾ, ಹೊತ್ತು ಹೋಗಲಿ ಅಂತ ಅವರು ಕ್ಯಾನ್‌ಫೀಲ್ಡ್ ಅನ್ನೋ ಇನ್ನೊಂದು ಬಗೆಯ ಸಾಲಿಟೇರ್ ಆಡ್ತಿದ್ದರು. ಗೆಲ್ಲೋ ಸಂಭವ ಎಷ್ಟು ಅಂತ ಸೂತ್ರ ಹಾಕಿ ನೋಡಿದ್ರು, ಬಗೆಹರಿಯಲಿಲ್ಲ. ಆಗ ಹೊಳೀತು: ಲೆಕ್ಕ ಹಾಕೋ ಬದಲು ನೂರು ಸಲ ಆಡಿ, ಎಷ್ಟು ಗೆದ್ದೆ ಅಂತ ಎಣಿಸಿದ್ರೆ? ಆ ಯೋಚನೆಯೇ ಬೆಳೆದು ಮಾಂಟೆ ಕಾರ್ಲೊ ವಿಧಾನ ಆಯ್ತು. ನಾವು ಪ್ರಾಬಬಿಲಿಟಿ ಕ್ಲಾಸಲ್ಲಿ ಹೆಸರು ಕೇಳಿ ಬರ್ಕೊಂಡ ಅದೇ ವಿಧಾನ, ಇವತ್ತು ಅಣು ರಿಯಾಕ್ಟರ್‌ನಿಂದ ಷೇರು ಮಾರುಕಟ್ಟೆವರೆಗೆ ಎಲ್ಲ ಕಡೆ ಬಳಸ್ತಾರೆ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದವರು ಕ್ಲೊಂಡೈಕ್‌ಗೂ ಹೀಗೇ ಮಾಡಿದ್ರು. ಕಂಪ್ಯೂಟರಿಂದ ಲೆಕ್ಕವಿಲ್ಲದಷ್ಟು ಆಟ ಬಿಡಿಸಿ ನೋಡಿದ್ರು. ಮೂರು ಮೂರು ತೆಗೆಯೋ ಆಟದಲ್ಲಿ ಸುಮಾರು 82% ಗೆಲ್ಲಬಹುದಾದವು ಅಂತ ಉತ್ತರ ಬಂತು. ಅಂದ್ರೆ ಸುಮಾರು 18% ಸತ್ತಾಟ. ಆದ್ರೆ ಒಂದು ಮಾತು: ಆ 82, ಮುಚ್ಚಿದ ಎಲೆಗಳೂ ಮೊದಲೇ ಗೊತ್ತಿದ್ದು ಆಡಿದ್ರೆ. ನಮಗೆ ಗೊತ್ತಿರಲ್ಲ, ಅದಕ್ಕೆ ನಾವು ಗೆಲ್ಲೋದು ಅದಕ್ಕಿಂತ ತುಂಬಾ ಕಡಿಮೆ.

ಹದಿನೆಂಟರಲ್ಲಿ ಒಂದಾ?

ಈ 18ನ್ನ ನಾವು ಚೆನ್ನಾಗಿ ದುರುಪಯೋಗ ಮಾಡ್ಕೊಂಡ್ವಿ. ಸೋತಾಗೆಲ್ಲ "ಇದು ಸತ್ತಾಟ" ಅಂತ ಎಲೆ ಮಡಚೋದು.

ಮೂರನೇ ಸೆಮಿಸ್ಟರ್ ರಿಸಲ್ಟ್ ಬಂತು. ನಮ್ಮಲ್ಲಿ ಒಬ್ಬನಿಗೆ ಮ್ಯಾಥ್ಸ್ ಹೋಯ್ತು. ಮನೇಲಿ ಹೇಳಿರಲಿಲ್ಲ. ಕಾಲೇಜ್ ಬಿಟ್ಟು ಯಾವುದಾದ್ರೂ ಡೆಲಿವರಿ ಕೆಲಸಕ್ಕೆ ಸೇರ್ತೀನಿ ಅಂತ ಟ್ರೈನಲ್ಲಿ ಎರಡು ಸಲ ಹೇಳಿದ್ದ. ಭಾನುವಾರ ತಾತನ ಮನೇಲಿ ಆಡ್ತಾ ಸಿಕ್ಕಿಹಾಕ್ಕೊಂಡ. ಆರನೇ ಸಾಲಿನ ಮೇಲೆ ಕಳಾವರ್ 4, ಎಲ್ಲಿಗೂ ಹೋಗಲ್ಲ. "ಇದು ಆ ಹದಿನೆಂಟರಲ್ಲಿ ಒಂದು ತಾತ. ನನ್ನ ಮ್ಯಾಥ್ಸ್ ಥರಾನೇ. ಹಣೇಲಿ ಇಲ್ಲ" ಅಂತ ಎಲೆ ಬಾಚೋಕೆ ಹೋದ.

ತಾತ ಕೈ ಹಿಡಿದ್ರು. "ತಾಳೋ. ಒಳಗೇನಿದೆ ಅಂತ ನೋಡಿದ್ಯಾ?" ಅಂದು ಆರನೇ ಸಾಲಿನ ಮುಚ್ಚಿದ ಎಲೆ ಬಿಚ್ಚಿದ್ರು. ಕಳಾವರ್ 4ರ ಅಡೀಲಿ ಆಟೀನ್ 5 ಇತ್ತು, ಕಳಾವರ್ ಎಕ್ಕ ಇತ್ತು. ಹಾಗಾಗಿ ಆ 4ಕ್ಕೆ ಉಳಿದಿದ್ದ ಒಂದೇ ಜಾಗ ಡೈಮಂಡ್ 5. ಅದೆಲ್ಲಿ? ಮನೇಲಿ. ಹತ್ತು ನಿಮಿಷ ಮುಂಚೆ ಇವನೇ ಖುಷಿಯಾಗಿ ಮನೆಗೆ ಕಳಿಸಿದ್ದ. ಇಸ್ಪೀಟ್ 6ರ ಮೇಲೆ ಅದನ್ನ ಹಾಗೇ ಬಿಟ್ಟಿದ್ರೆ 4 ಅಲ್ಲಿ ಕೂರ್ತಿತ್ತು, ಸಾಲು ಬಿಚ್ಕೊಳ್ತಿತ್ತು. ತಾತ ಡೈಮಂಡ್ 5ನ್ನ ವಾಪಸ್ ಅಲ್ಲಿಟ್ಟು ಮುಂದೆ ಆಡಿ ತೋರಿಸಿದ್ರು. ನಾಲ್ಕೂ ಮನೆ ತುಂಬ್ತು.

ಆಮೇಲೆ ಅವರು ಹೇಳಿದ್ದನ್ನ ನಮಗೆ ನೆನಪಿರೋ ಹಾಗೆ ಬರೀತೀವಿ. "ನೋಡ್ರಪ್ಪಾ, ನಮ್ ಗಣಿ ಮುಚ್ಚಿತಲ್ಲ, ಅದು ಸತ್ತಾಟ. ಕೆಳಗೆ ಹೋದಷ್ಟೂ ಕಲ್ಲಲ್ಲಿ ಚಿನ್ನ ಕಮ್ಮಿ, ತೆಗೆಯೋ ಖರ್ಚು ಜಾಸ್ತಿ. ನಾವು ಹೆಂಗ್ ದುಡಿದ್ರೂ ಅಷ್ಟೇ ಇತ್ತು. ಆದ್ರೂ ನಾನು ಮೊದಲೇ ಬಿಟ್ಟು ಬೆಂಗಳೂರಿಗೆ ಹೋಗ್ಬೇಕಿತ್ತು, ನಂದೇ ತಪ್ಪು ಅಂತ ಹತ್ತು ವರ್ಷ ಕೊರಗಿದೆ. ನನ್ನ ಕೈಲಿರಲಿಲ್ಲ ಅದು. ನಿಂದು ಹಂಗಲ್ವೋ. ನಿಂದು ಐದು ಬೇಗ ಮನೆಗೆ ಕಳಿಸಿದ್ದು."

ಕೆಜಿಎಫ್ ಗಣಿಗಳು ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ನೂರಿಪ್ಪತ್ತು ವರ್ಷ ನಡೆದ ಕೆಲಸ. ನಾವ್ಯಾರೂ ಆಗ ಹುಟ್ಟಿರಲಿಲ್ಲ. ಗಣಿ ಮುಚ್ಚಿದ ಮೇಲೆ ಬೆಳಗ್ಗೆ ಮಾರಿಕುಪ್ಪಂನಿಂದ ಹೊರಡೋ ಟ್ರೈನೇ ಎಷ್ಟೋ ಮನೆಗಳಿಗೆ ಆಧಾರ ಆಯ್ತು. ಈಗಲೂ ಅದರಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗೋರ ಜೊತೆ ನಿಂತ್ಕೊಂಡೇ ನಾವೂ ಕಾಲೇಜಿಗೆ ಬರೋದು. ಆ ಕಥೆ ಊರಲ್ಲಿ ಎಲ್ಲರ ಬಾಯಲ್ಲೂ ಕೇಳಿದ್ವಿ. ಆದ್ರೆ "ನಂದೇ ತಪ್ಪು ಅಂದ್ಕೊಂಡಿದ್ದೆ" ಅಂತ ತಾತ ಹೇಳಿದ್ದನ್ನ ಅವರ ಮೊಮ್ಮಗನೂ ಅವತ್ತೇ ಮೊದಲು ಕೇಳಿದ್ದು.

ನಮ್ಮ ಗೆಳೆಯ ಅವತ್ತು ಸಂಜೆ ಮನೇಲಿ ವಿಷಯ ಹೇಳಿದ. ಆಮೇಲೆ ಮೂವರೂ ಅವನ ಹಳೇ ಉತ್ತರಗಳನ್ನ ಇಟ್ಕೊಂಡು ಕೂತ್ವಿ. ಎಲೆ ಬಿಚ್ಚಿ ನೋಡೋ ಹಾಗೆ ಒಂದೊಂದೇ ನೋಡಿದ್ವಿ. ಎರಡು ಮಾಡ್ಯೂಲ್ ಪೂರ್ತಿ ಬಿಟ್ಟಿದ್ದ, ಉಳಿದ ಮೂರರಲ್ಲಿ ಬರುತ್ತೆ ಅಂತ. ಮತ್ತೆ ಪರೀಕ್ಷೆ ಬರೆದಿದ್ದಾನೆ. ರಿಸಲ್ಟ್ ಇನ್ನೂ ಬಂದಿಲ್ಲ.

ನೀವೂ ಆಡಿ

ಒಂದು ಕಟ್ಟು ಎಲೆ ತಗೊಳ್ಳಿ. ಮೊದಲು ಒಂದೊಂದೇ ತೆಗೆಯೋ ಆಟ ಆಡಿ, ಕೈ ಕೂತ ಮೇಲೆ ಮೂರು ಮೂರು. ಸೋತಾಗ ತಕ್ಷಣ ಬಾಚಬೇಡಿ. ಮುಚ್ಚಿದ ಎಲೆಗಳನ್ನ ಆಯಾ ಸಾಲಲ್ಲೇ ಬಿಚ್ಚಿ, ಸಿಕ್ಕಿಹಾಕ್ಕೊಂಡ ಎಲೆ ಯಾವುದು, ಅದಕ್ಕೆ ಬೇಕಿದ್ದ ಜಾಗ ಎಲ್ಲಿತ್ತು ಅಂತ ಹುಡುಕಿ. ಬೇಕಾದದ್ದೆಲ್ಲ ಅದರ ಅಡೀಲೇ ಇದ್ರೆ ಅದು ಸತ್ತಾಟ, ನಿಮ್ಮ ತಪ್ಪಿಲ್ಲ, ಕಲಸಿ ಇನ್ನೊಂದು ಆಡಿ. ಇಲ್ಲದಿದ್ರೆ ಎಲ್ಲಿ ಎಡವಿದ್ವಿ ಅಂತ ಗೊತ್ತಾಗುತ್ತೆ.

ಕೋಡಿಂಗ್ ಬರೋರಿಗೆ ಒಂದು ಹೋಮ್‌ವರ್ಕ್: 52 ಎಲೆ ಕಲಸಿ ಹಾಸಿ, ಮೇಲೆ ಹೇಳಿದ ಆಟೀನ್ 4 ಥರದ ಗಂಟು ಎಷ್ಟು ಸಲ ಬೀಳುತ್ತೆ ಅಂತ ಎಣಿಸೋ ಪ್ರೋಗ್ರಾಂ ಬರೀರಿ. ಪೈಥಾನ್‌ನಲ್ಲಿ ಐವತ್ತು ಸಾಲು ಸಾಕು. ಉತ್ತರ ಬಂದ್ರೆ ಸಂಘದ ರೂಮಿಗೆ ತಂದು ತೋರಿಸಿ.

ಒಬ್ಬರೇ ಆಡೋ ಆಟ ಬೋರು ಅನ್ನೋರು ನಮ್ಮ ಪದ್ಧತಿ ಮಾಡಿ: ಮೂವರು ಮೂರು ಕಟ್ಟು ತಗೊಂಡು ಒಂದೇ ಕ್ರಮದಲ್ಲಿ ಜೋಡಿಸಿ ಹಾಸೋದು, ಯಾರ ಮನೇಲಿ ಹೆಚ್ಚು ಎಲೆ ಕೂತಿದೆ ನೋಡೋದು. ದುಡ್ಡು ಕಟ್ಟಬೇಡಿ. ಸೋತೋರು ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿ ಕೊಡಿಸಬೇಕು, ಅಷ್ಟೇ. ನಮ್ಮೂರಿನ ಪಾನಿ ನೀರಿನ ಥರ ತಿಳಿಯಾಗಿರುತ್ತೆ, ಖಾರ ಇಲ್ಲ ಅಂದ್ಕೊಂಡು ಮೋಸ ಹೋಗಬೇಡಿ.